ಮೇಲೆ ಬಾ, ಹೇಳ್ತೀನಿ

ಡ್ಯೂಟಿಗೆ ಹೊರಟಿದ್ದ ನರ್ಸಮ್ಮ ಗುಡ್ಡದ ಬುಡದ ಬಸ್ ಸ್ಟಾಪಿನಲ್ಲಿ ಗಡಿಯಾರ ನೋಡುತ್ತ ಚಡಪಡಿಸುತ್ತಿದ್ದಳು. ಅವಳಿಗಿಂತ ಹೆಚ್ಚು ಚಡಪಡಿಸುತ್ತಿದ್ದ ಯುವಕನೊಬ್ಬ ಸೈಕಲ್ ಹಿಡಿದು ಪಕ್ಕದಲ್ಲೇ ತನ್ನ ಅಕ್ಕನ ಜೊತೆ ನಿಂತಿದ್ದ. ಇಂಥ ಹೊತ್ತಿನಲ್ಲಿ ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ನರ್ಸಮ್ಮನಿಗಿರಲಿಲ್ಲ.

“ಕೇಳಿದ್ಯೋ ಇಲ್ವೋ?”

“ಕೇಳ್ದೆ ಅಕ್ಕ. ನನ್ನ ಮದುವೆ ಆಗ್ತೀಯಾ ಅಂತ ಕೇಳೇಬಿಟ್ಟೆ.”

“ಏನಂದ್ಲು?”

“‘ಮೇಲೆ ಬಾ, ಹೇಳ್ತೀನಿ’ ಅಂದು ಸೈಕಲ್ ಹತ್ತಿ ಹೋಗೇಬಿಟ್ಲು. ಇಷ್ಟೊತ್ತಿಗೆ ತುದಿ ಮುಟ್ಟಿರ್ತಾಳೆ.”

“ಮತ್ತೆ ನೀನ್ಯಾಕೆ ಇಲ್ಲಿ ಕಂಬದ ಹಾಗೆ ನಿಂತಿದ್ದೀಯ?”

“ಅಷ್ಟು ದೂರ ಹತ್ತಿದ್ಮೇಲೆ ಬೇಡ ಅಂದ್ರೆ?”

“ವಾಪಸ್ ಬರೋಕೆ ಇಳಿಜಾರು ಇದೆಯಲ್ಲ.”

“ತಮಾಷೆ ಬೇಡ. ಪ್ರತಿ ಭಾನುವಾರ ಇದೇ ಗೋಳು. ನಾನು ಏದುಸಿರು ಬಿಡ್ತಾ ತಲುಪೋ ಹೊತ್ತಿಗೆ ಅವಳ ದಣಿವು ಆರಿರುತ್ತೆ. ನನ್ನ ಮುಖ ಕಂಡಿದ್ದೇ ‘ಹೊರಡೋಣ್ವಾ’ ಅಂತಾಳೆ. ಒಂದು ದಿನಾನೂ ಅಲ್ಲಿ ಕೂತಿಲ್ಲ ನಾನು.”

“ಹಾಗಾದ್ರೆ ಸೈಕಲ್ ಇಲ್ಲೇ ಬಿಟ್ಟು ನನ್ ಜೊತೆ ಬಸ್ ಹತ್ತು.”

“ಬಸ್ಸಲ್ಲಿ ಬಂದವನಿಗೆ ಅವಳು ಏನು ಹೇಳ್ತಾಳೆ?”

“ಜೀವಮಾನವಿಡೀ ಹೀಗೇ ಅವಳ ಹಿಂದೆ ಏದುಸಿರು ಬಿಡ್ತಾ ಇರ್ತೀಯೇನೋ?”

“ಇರ್ತೀನಿ. ಪ್ರತಿ ಸಲ ಕಾದಿರ್ತಾಳಲ್ಲ.”

ಬಸ್ಸು ಬಂತು. ಅಕ್ಕ ಹತ್ತಿದಳು, ಹಿಂದೆಯೇ ನರ್ಸಮ್ಮನೂ ಹತ್ತಿದಳು. ಅವನು ಪೆಡಲಿನ ಮೇಲೆ ಕಾಲಿಟ್ಟು ಕಿಟಕಿಯತ್ತ ಕೂಗಿದ: “ಅಕ್ಕಾ, ನೀನೇ ಮೊದಲು ತಲುಪ್ತೀಯ. ಇವತ್ತೊಂದಿನ ನನ್ನ ಎರಡು ನಿಮಿಷ ಕೂರೋಕೆ ಬಿಡು ಅಂತ ಅವಳಿಗೆ ಹೇಳು!”

ಆಸ್ಪತ್ರೆ ಅರ್ಧ ದಾರಿಯಲ್ಲೇ ಸಿಗುತ್ತಿತ್ತು. ನರ್ಸಮ್ಮ ಇನ್ನೊಮ್ಮೆ ಗಡಿಯಾರ ನೋಡಿ, ಗುಡ್ಡದ ತುದಿಯ ಕೊನೆಯ ಸ್ಟಾಪಿಗೇ ಟಿಕೆಟ್ ತೆಗೆದುಕೊಂಡಳು.