ರಾಘಣ್ಣನವರ ದನಿಯ ಲೈಸೆನ್ಸ್

ಹಾನಗಲ್ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಹುಡುಗಿಯ ಲ್ಯಾಪ್‌ಟಾಪ್ ಗಂಡಸಿನ ದನಿಯಲ್ಲಿ ಪಾಠ ಓದುತ್ತಿತ್ತು. ಜೊತೆಗಿದ್ದ ಹಿರಿಯರು ಕೇಳಿದರು:

“ಯಾಕವ್ವ ತನುಜಾ, ಕಣ್ಣು ಕಾಣದ ಹುಡುಗರಿಗಂತ ಮಾಡಿದ್ದನ್ನ ಇನ್ನೂ ಬಿಡುಗಡೆ ಮಾಡವಲ್ಲಿ?”

“ನಮ್ಮ ಸಾಫ್ಟ್‌ವೇರ್ ಯಾರರ ಬಳಸಬೌದು, ಮಾರಬೌದು ಅಂತ ಲೈಸೆನ್ಸ್ ಐತ್ರಿ ಸರ್. ಆದ್ರ ಟೈಪ್ ಮಾಡಿದ್ದನ್ನೆಲ್ಲ ಓದೋ ಒಳಗಿನ ದನಿ ರಾಘಣ್ಣಾರು ರೆಕಾರ್ಡ್ ಮಾಡಿ ಕೊಟ್ಟಿದ್ದು. ಅದನ್ನ ಮಾರಬಾರದಂತ ಅವ್ರ ಷರತ್ತು. ಎರಡೂ ಕೂಡಿಸಿ ಬಿಡಾಕ ಬರಂಗಿಲ್ರಿ.”

“ಷರತ್ತು ತಗೀತೇನಿ ಅಂದಿದ್ನಲ್ಲ ಅಂವ?”

“ಚಾ ಕುಡಿಯುವಾಗ ಅಂದಿದ್ರು. ಹಿರ‍್ಯಾರಿಗೆ ಬರದು ಕೊಡ್ರಿ ಅಂತ ಹೆಂಗ ಕೇಳ್ಲಿ? ಅಷ್ಟರಾಗ ತೀರಿಕೊಂಡ್ರು.”

“ಮನಿಯವ್ರನ್ನ ಕೇಳು.”

“ಹಿಂದ ಯಾರೂ ಇಲ್ರಿ.”

ಹುಬ್ಬಳ್ಳಿ ಬಸ್ಸು ಬಂತು. ಲ್ಯಾಪ್‌ಟಾಪ್ ಮುಚ್ಚಿ ಎದ್ದ ಹುಡುಗಿ, ಹತ್ತುವ ಮೊದಲು ಹೇಳಿದಳು:

“ನಿನ್ನೆ ‘ನನ್ನ ಒಪ್ಪಿಗೆ ಇದೆ’ ಅಂತ ಟೈಪ್ ಮಾಡಿದ್ನಿರಿ. ಅವ್ರ ದನ್ಯಾಗ ಓದಿ ಹೇಳ್ತು.”