ಒಂದು ಹೆಜ್ಜೆ ಎಡಕ್ಕೆ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನನ್ನ ಬಗ್ಗೆ ಇಷ್ಟೊಂದು ಒಳ್ಳೆಯ ಮಾತನಾಡಿ ನನಗೇ ಅನುಮಾನ ಬರುವಂತೆ ಮಾಡಿದ ಮುಖ್ಯ ಅತಿಥಿಗಳೇ, ಮೂವತ್ತು ವರ್ಷ ನನ್ನ ಸೀಟಿಯನ್ನು ಬೈದುಕೊಂಡೇ ಆಡಿದ ಆಟಗಾರರೇ, ಮತ್ತು ಸಭಿಕರೇ,

ಬ್ಯಾಸ್ಕೆಟ್‌ಬಾಲ್ ರೆಫರಿಯನ್ನು ಕರೆದು ಸನ್ಮಾನ ಮಾಡುವವರು ಅಪರೂಪ. ನಮಗೆ ಚಪ್ಪಾಳೆ ಕೇಳಿಸಿದರೆ ಹಿಂದೆ ಯಾರಿದ್ದಾರೆಂದು ತಿರುಗಿ ನೋಡುತ್ತೇವೆ.

ಅಧ್ಯಕ್ಷರು ನನ್ನದು ಹದ್ದಿನ ಕಣ್ಣು ಎಂದರು. ಅಧ್ಯಕ್ಷರೇ, ನನ್ನ ಕನ್ನಡಕದ ನಂಬರ್ ನಿಮಗೆ ಗೊತ್ತಿಲ್ಲ! ರೆಫರಿಗೆ ಕಣ್ಣಿಗಿಂತ ಕಾಲು ಮುಖ್ಯ. ಎಲ್ಲಿ ನಿಂತಿದ್ದೇವೋ ಅಷ್ಟೇ ಕಾಣುತ್ತದೆ. ಇದನ್ನು ನಾನು ಕಲಿತದ್ದು ನಿಯಮದ ಪುಸ್ತಕದಿಂದಲ್ಲ, ಮನೆಯಲ್ಲಿ.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಮಹಿಳೆಯರ ಫೈನಲ್. ಬರಬೇಕಿದ್ದ ರೆಫರಿ ಕಾಲು ಉಳುಕಿಸಿಕೊಂಡು ಮಲಗಿದರು. ನನ್ನನ್ನು ಕರೆದರು. ಒಂದು ತಂಡದಲ್ಲಿ ನನ್ನ ತಂಗಿ ಆಡುತ್ತಿದ್ದಳು. ಎರಡೂ ಕಡೆಯ ಕೋಚ್‌ಗಳು, "ಪರವಾಗಿಲ್ಲ ಮೇಡಂ, ನೀವೇ ಬನ್ನಿ" ಎಂದರು. ಆ ‘ಪರವಾಗಿಲ್ಲ’ವನ್ನು ನಾನು ನಂಬಬಾರದಿತ್ತು.

ಕೊನೆಯ ನಾಲ್ಕು ಸೆಕೆಂಡು. ತಂಗಿಯ ತಂಡ ಒಂದು ಅಂಕ ಹಿಂದೆ. ಅವಳು ಚೆಂಡು ಹಿಡಿದು ನುಗ್ಗಿದಳು. ಎದುರಾಳಿ ಅಡ್ಡ ಬಂದಳು. ಇಬ್ಬರೂ ಬಿದ್ದರು, ಚೆಂಡು ಬುಟ್ಟಿಯೊಳಗೆ ಇಳಿಯಿತು. ನಾನು ಎಲ್ಲಿದ್ದೆ? ತಂಗಿಯ ಬೆನ್ನ ಹಿಂದೆ, ಒಂದೇ ಗೆರೆಯಲ್ಲಿ. ನನಗೆ ಕಂಡದ್ದು ಅವಳ ಜೆರ್ಸಿಯ ನಂಬರ್ ಮಾತ್ರ. ಡಿಕ್ಕಿ ಹೊಡೆದವರು ಯಾರು, ಹೊಡೆಸಿಕೊಂಡವರು ಯಾರು? ಕಾಣಲಿಲ್ಲ. ಆದರೂ ಸೀಟಿ ಊದಿದೆ. ತಂಗಿಯದೇ ಫೌಲ್ ಎಂದೆ. ಬುಟ್ಟಿ ರದ್ದಾಯಿತು, ಅವಳ ತಂಡ ಸೋತಿತು.

ಯಾಕೆ ಹಾಗೆ ಮಾಡಿದೆ? ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಅಕ್ಕನೇ ತಂಗಿಯನ್ನು ಗೆಲ್ಲಿಸಿದಳು ಎಂದು ಜನ ಆಡಿಕೊಳ್ಳಬಾರದಲ್ಲ, ಆ ಭಯಕ್ಕೆ.

ಮನೆಗೆ ಬಂದವಳು ಶೂ ಕೂಡ ಬಿಚ್ಚದೆ ಕೇಳಿದಳು: "ಅಕ್ಕಾ, ನೀನು ಕಣ್ಣಾರೆ ನೋಡಿದ್ಯಾ?"

"ನೋಡ್ದೆ ಕಣೇ."

"ಹಾಗಾದ್ರೆ ಸರಿ ಬಿಡು" ಎಂದು ಮುಖ ತೊಳೆಯಲು ಹೋದಳು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನಂಬಿಬಿಟ್ಟಳು.

ಮರುದಿನ ಬೆಳಿಗ್ಗೆ ಎರಡು ಕುರ್ಚಿಗಳನ್ನು ಒಂದರ ಹಿಂದೊಂದು ಇಟ್ಟು ಸುತ್ತ ತಿರುಗಿದೆ. ನೇರ ಹಿಂದೆ ನಿಂತರೆ ಎರಡೂ ಸೇರಿ ಒಂದೇ ಕುರ್ಚಿ. ಒಂದು ಹೆಜ್ಜೆ ಎಡಕ್ಕೆ ಸರಿದೆ, ನಡುವೆ ಗೇಣಗಲ ಬೆಳಕು! ಅಮ್ಮ ಬಂದು ಕೇಳಿದರು: "ಏನೇ ಇದು, ಈ ವಯಸ್ಸಲ್ಲಿ ಕುರ್ಚಿ ಜೊತೆ ಕುಂಟೆಬಿಲ್ಲೆ ಆಡ್ತಿದ್ದೀಯಾ?"

ನನ್ನಲ್ಲಿ ತರಬೇತಿಗೆ ಬಂದವರಿಗೆಲ್ಲ ಆಮೇಲೆ ಎರಡು ಕುರ್ಚಿ ಇಟ್ಟು ಹೇಳಿಕೊಟ್ಟದ್ದು ಅದನ್ನೇ. ಇಬ್ಬರ ನಡುವಿನ ಸಂದು ಕಾಣುವಲ್ಲಿ ನಿಲ್ಲಿ, ಅವರು ಸರಿದರೆ ನೀವೂ ಸರಿಯಿರಿ, ಕಾಣದ್ದಕ್ಕೆ ಸೀಟಿ ಊದಬೇಡಿ. ಅವರೆಲ್ಲ ಬೆನ್ನ ಹಿಂದೆ ನನ್ನನ್ನು ‘ಕುರ್ಚಿ ಮೇಡಂ’ ಎನ್ನುತ್ತಾರೆ. ನನಗೆ ಗೊತ್ತಿಲ್ಲವೆಂದುಕೊಂಡಿದ್ದಾರೆ, ಪಾಪ.

ತಂಗಿ ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ. ಇಷ್ಟು ವರ್ಷ ಅವಳಿಗೆ ಹೇಳಲು ಬಾಯಿ ಬರಲಿಲ್ಲ. ನಾನು ನೋಡಿರಲಿಲ್ಲ ಕಣೇ. ಸುಳ್ಳು ಹೇಳಿದೆ. ತಪ್ಪಾಯ್ತು.

ಅಯ್ಯೋ, ನಗುತ್ತಿದ್ದಾಳೆ! ಸಭಿಕರೇ, ತಿರುಗಿ ನೋಡಿ, ಎರಡು ಬೆರಳು ಎತ್ತಿ ಆ ಎರಡು ಅಂಕ ಕೊಡು ಎನ್ನುತ್ತಿದ್ದಾಳೆ. ಆಗಲ್ಲ ಕಣೇ! ಡಿಕ್ಕಿ ಹೊಡೆದವಳು ನೀನೇ ಇದ್ದರೂ ಇರಬಹುದು, ನನಗೆ ಇವತ್ತಿಗೂ ಗೊತ್ತಿಲ್ಲ. ಅಂಕ ಕೇಳಬೇಡ. ಈಗಷ್ಟೇ ಕೊಟ್ಟಿದ್ದಾರಲ್ಲ, ಈ ಫಲಕ, ಇದನ್ನು ಬೇಕಾದ್ರೆ ನೀನೇ ತಗೊಂಡು ಹೋಗು.

ಫಲಕ ಕೊಟ್ಟ ಸಂಘದವರು ಬೇಸರ ಮಾಡಿಕೊಳ್ಳಬಾರದು. ಸೀಟಿಯಿಲ್ಲದೆಯೂ ಇಷ್ಟು ಹೊತ್ತು ಸುಮ್ಮನೆ ಕುಳಿತು ಕೇಳಿದ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.