ಬಾಣವಿಲ್ಲದ ಕೋಟೆ

ಗೇಮ್ ಕಂಪನಿಯ ಬಾಗಿಲಲ್ಲಿ ಸಂದರ್ಶನಕ್ಕೆ ಕಾದಿದ್ದ ಹುಡುಗಿಯೊಬ್ಬಳ ಪಕ್ಕ ಅಣ್ಣ-ತಂಗಿ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ತಾವೇ ಮಾಡಿದ ಆಟವನ್ನು ಒಳಗೆ ತೋರಿಸಬೇಕಿತ್ತು.

“ದಾರಿ ತೋರಿಸೋ ಬಾಣ ಎಲ್ಲೇ?”

“ತೆಗೆದುಹಾಕಿದೆ ಅಣ್ಣ.”

“ತಲೆ ಕೆಟ್ಟಿದೆಯಾ? ಬಾಣ ಇಲ್ಲದಿದ್ರೆ ಆಟ ತಗೊಳ್ಳಲ್ಲ ಅಂದಿದ್ದಾರೆ ಕಂಪನಿಯೋರು!”

“ಚಿಕ್ಕೋರಿದ್ದಾಗ ಆಡ್ತಿದ್ದ ದೆವ್ವದ ಕೋಟೆ ಆಟದಲ್ಲಿ ಬಾಣ ಇತ್ತಾ? ಗೋಪುರ ಹುಡುಕೋಕೆ ಇಡೀ ರಜೆ ಹಿಡೀತು.”

“ಕೊನೇಲಿ ಅಮ್ಮ ಇಸ್ತ್ರಿ ಹಾಕ್ಬೇಕು ಅಂತ ಪ್ಲಗ್ಗೇ ಕಿತ್ತಳು. ಎಲ್ಲಾ ಮೊದಲಿಂದ!”

“ಆಗ ನೀನೇ ಕಣ್ಮುಚ್ಚಿ ದಾರಿ ಹೇಳಿದ್ದೆ. ಈಗ ಹೇಳು ನೋಡೋಣ.”

“ಎಡಕ್ಕೆ ಬಾವಿ, ಮುರಿದ ಮೆಟ್ಟಿಲು, ಗೋರಿ ದಾಟಿ ಬಲಕ್ಕೆ... ಅರೆ, ಇನ್ನೂ ನೆನಪಿದೆ!”

“ನಮ್ಮ ಕೋಟೆನೂ ಜನ ಹಾಗೇ ನೆನಪಿಟ್ಕೋಬೇಕು.”

ಒಳಗಿಂದ ಕರೆ ಬಂತು. ಅಣ್ಣ ಲ್ಯಾಪ್‌ಟಾಪ್ ಎತ್ತಿಕೊಂಡ.

“ಬಾಣ ಎಲ್ಲಿ ಅಂದ್ರೆ, ಯಾಕೆ ಬೇಡ ಅಂತ ನಾನು ಹೇಳ್ತೀನಿ. ನೀನು ಬಾಯಿ ಬಿಡಬೇಡ.”